ರಾಯರ ತಲೆಗೊಂದು ಕುಲಾವಿ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂಬ ಗಾದೆ ನಮಗೆಲ್ಲ ಗೊತ್ತು. ನಮ್ಮ ಗುಂಪು ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ. ನಾಟಕಕ್ಕೆ ಪಾತ್ರಧಾರಿಗಳು ಸಿಗುವ ಮೊದಲೇ ಅರಸನ ಟೋಪಿ ಹೊಲಿಯಲು ಕೂತುಬಿಟ್ಟೆವು. ಆ ಟೋಪಿಯ ಹೆಸರೂ ಕುಲಾವಿಯೇ ಎಂಬುದು ತಿಳಿದದ್ದು ಆಮೇಲೆ.

ನಮ್ಮದೇನೂ ದೊಡ್ಡ ಸಂಸ್ಥೆಯಲ್ಲ. ಮಧ್ಯ ನ್ಯೂಜೆರ್ಸಿಯ ನಾಲ್ಕಾರು ಮನೆಯವರು, ಜೊತೆಗೆ ನ್ಯೂಯಾರ್ಕಿನ ಕ್ವೀನ್ಸ್‌ನಿಂದ ಸೇತುವೆ, ಸುರಂಗ, ಟೋಲುಗಳನ್ನೆಲ್ಲ ದಾಟಿ ಬರುವ ಇಬ್ಬರು. ತಿಂಗಳಿಗೊಮ್ಮೆ ಒಬ್ಬರ ಬೇಸ್‌ಮೆಂಟಿನಲ್ಲಿ ಸೇರಿ ಹಳೆಯ ಕಾಲದ ಉಡುಪುಗಳನ್ನು ಹೊಲಿಯುತ್ತೇವೆ. ಹೊಲಿಗೆಗಿಂತ ಮಾತು ಜಾಸ್ತಿ, ಮಾತಿಗಿಂತ ಚುರುಮುರಿ ಜಾಸ್ತಿ.

ಈ ಹುಚ್ಚು ಹತ್ತಿದ್ದು ಮಾನ್‌ಮತ್ ರಣರಂಗದಲ್ಲಿ. (ಹೆಸರು ಕೇಳಿ ಯಾರಿಗಾದರೂ ಮನ್ಮಥನ ನೆನಪಾದರೆ ನಾವು ಹೊಣೆಯಲ್ಲ.) ಫ್ರೀಹೋಲ್ಡ್, ಮನಾಲಪನ್ ಕಡೆಯವರಿಗೆ ಈ ಪಾರ್ಕು ಗೊತ್ತಿರುತ್ತದೆ. 1778ರ ಜೂನ್ 28ರಂದು ವಾಷಿಂಗ್ಟನ್ನನ ಸೈನ್ಯ ಬ್ರಿಟಿಷರ ಜೊತೆ ಇಲ್ಲಿ ಕಾದಾಡಿತು. ಗುಂಡಿಗೆ ಸತ್ತವರ ಜೊತೆಗೆ ಬಿಸಿಲಿನ ಝಳಕ್ಕೆ ಸತ್ತವರೂ ಅಂದು ಬಹಳ. ಜೂನ್ ತಿಂಗಳಲ್ಲಿ ಆ ಯುದ್ಧವನ್ನು ಮತ್ತೆ ಆಡಿ ತೋರಿಸುತ್ತಾರೆ. ಮಕ್ಕಳಿಗೆ ಇತಿಹಾಸ ತೋರಿಸೋಣವೆಂದು ಹೋದರೆ, ಉರಿಬಿಸಿಲಿನಲ್ಲಿ ಉಣ್ಣೆಯ ಕೋಟು ತೊಟ್ಟು ಬೆವರುತ್ತ ನಿಂತ ಗಂಡಸರು, ಬಿಗಿ ರವಿಕೆ ತೊಟ್ಟು ಒಲೆ ಊದುತ್ತಿದ್ದ ಹೆಂಗಸರು! ವಾರದ ದಿನಗಳಲ್ಲಿ ನಮ್ಮ ಹಾಗೆಯೇ ಆಫೀಸಿಗೆ ಹೋಗುವ ಮಂದಿ. ಅವರಲ್ಲಿ ಕಟ್ಟಾ ಹವ್ಯಾಸಿಗಳಿಗೆ ‘ನೂಲೆಣಿಸುವವರು’ ಎಂಬ ಅಡ್ಡಹೆಸರೇ ಇದೆ. ಒಳಗೆ ಕಾಣದ ಹೊಲಿಗೆಯೂ ಕೈಹೊಲಿಗೆಯೇ ಆಗಬೇಕು, ಗುಂಡಿ ಆ ಕಾಲದ್ದೇ ಆಗಬೇಕು. ಕೈಗಡಿಯಾರ ಬಿಚ್ಚಲು ಮರೆತವನನ್ನು ‘ಫಾರ್ಬ್’ ಎಂದು ಹೀಗಳೆಯುತ್ತಾರೆ. ನಮ್ಮ ಕನ್ನಡ ನಾಟಕಗಳಲ್ಲಿ ಸ್ನೀಕರ್ಸ್ ತೊಟ್ಟ ಸೇನಾಪತಿಯನ್ನು ಕಂಡವರಿಗೆ ಈ ಬೈಗುಳ ಉಪಯೋಗಕ್ಕೆ ಬರಬಹುದು.

ಅಲ್ಲಿ ನಮಗೆ ಹುಟ್ಟಿದ್ದು ಮೆಚ್ಚುಗೆಗಿಂತ ಹೆಚ್ಚಾಗಿ ಹೊಟ್ಟೆಕಿಚ್ಚು. ಅವರ ಮುತ್ತಾತಂದಿರ ಕೋಟುಗಳು ಮ್ಯೂಸಿಯಮ್ಮುಗಳಲ್ಲಿ ಉಳಿದಿವೆ. ಅಳತೆ ತೆಗೆಯಬಹುದು, ಹೊಲಿಗೆ ಎಣಿಸಬಹುದು. ನಮ್ಮ ಕೃಷ್ಣದೇವರಾಯನ ಒಂದು ಅಂಗಿಯಾದರೂ ಎಲ್ಲಿದೆ? ಇಲ್ಲದಿರುವುದಕ್ಕೆ ನಮ್ಮ ಹವೆ ಒಂದು ಕಾರಣ. ನಯವಾದ ಹತ್ತಿಬಟ್ಟೆಯನ್ನು ಮಳೆಗಾಲವೂ ಗೆದ್ದಲೂ ಬಿಡುವುದಿಲ್ಲ. 1565ರ ಸೋಲಿನ ನಂತರದ ಲೂಟಿ ಇನ್ನೊಂದು. ಮೂರನೆಯದನ್ನು 1535ರ ಸುಮಾರಿಗೆ ವಿಜಯನಗರವನ್ನು ಕುರಿತು ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಹೇಳುತ್ತಾನೆ: ಅರಸ ಒಮ್ಮೆ ತೊಟ್ಟ ಬಟ್ಟೆಯನ್ನು ಮತ್ತೆ ತೊಡುತ್ತಿರಲಿಲ್ಲವಂತೆ. ಬಿಚ್ಚಿದ್ದನ್ನು ಅದಕ್ಕೆಂದೇ ಇದ್ದ ಅಧಿಕಾರಿಗಳು ಲೆಕ್ಕವಿಟ್ಟು ತೆಗೆದುಕೊಳ್ಳುತ್ತಿದ್ದರು, ಯಾರಿಗೂ ಕೊಡುತ್ತಿರಲಿಲ್ಲ. ಒಂದೇ ರೇಷ್ಮೆ ಸೀರೆಯನ್ನು ಯುಗಾದಿಗೂ ದೀಪಾವಳಿಗೂ ಉಟ್ಟು ಫೋಟೋದಲ್ಲಿ ಸಿಕ್ಕಿಬೀಳುವ ನಮಗೆ ಇದು ಅರ್ಥವಾಗುವುದು ಕಷ್ಟ.

ಅಂಗಿ ಇಲ್ಲದಿದ್ದರೂ ಸಾಕ್ಷಿಗಳಿವೆ. 1520ರ ಸುಮಾರಿಗೆ ಹಂಪಿಗೆ ಬಂದ ಡೊಮಿಂಗೊ ಪಾಯಸ್ ರಾಯನನ್ನು ಕಣ್ಣಾರೆ ಕಂಡು ಬರೆದ. ಅವನ ಮತ್ತು ನೂನಿಜನ ಬರಹಗಳನ್ನು ರಾಬರ್ಟ್ ಸಿವೆಲ್ 1900ರಲ್ಲಿ ಇಂಗ್ಲಿಷಿಗೆ ತಂದ. ಪಾಯಸ್ ಕಂಡದ್ದು ಇಷ್ಟು: ಚಿನ್ನದ ಗುಲಾಬಿಗಳ ಕಸೂತಿಯ ಬಿಳಿ ಉಡುಪು, ಕೊರಳಲ್ಲಿ ವಜ್ರದ ಪದಕ, ತಲೆಯ ಮೇಲೆ ಶಿರಸ್ತ್ರಾಣದಂಥ ಜರತಾರಿ ಟೋಪಿ, ಕಾಲು ಮಾತ್ರ ಬರಿಗಾಲು. ಇನ್ನು ಬೆಂಗಳೂರಿನಿಂದ ಎರಡು ಮೂರು ಗಂಟೆ ದೂರದ, ಹಿಂದೂಪುರದ ಹತ್ತಿರದ ಲೇಪಾಕ್ಷಿ. ಅಲ್ಲಿನ ವೀರಭದ್ರ ಗುಡಿಯ ಛಾವಣಿಯ ಚಿತ್ರಗಳು ಅಚ್ಯುತದೇವರಾಯನ ಕಾಲದವು. ಎತ್ತರದ ಟೋಪಿ ಇಟ್ಟ ಗಂಡಸರು, ಪಟ್ಟೆ ಮತ್ತು ಚೌಕಳಿಯ ಸೀರೆ ಉಟ್ಟು ಓರೆಯಾಗಿ ತುರುಬು ಕಟ್ಟಿದ ಹೆಂಗಸರು ಸಾಲಾಗಿ ನಿಂತಿದ್ದಾರೆ. ತಿರುಮಲೆಗೆ ಹೋದವರು ರಾಯನ ಲೋಹದ ಮೂರ್ತಿಯನ್ನು ತಿರುಮಲದೇವಿ, ಚಿನ್ನಾದೇವಿಯರ ನಡುವೆ ನೋಡಿರುತ್ತೀರಿ. ಕೈಮುಗಿದು, ದೇವರೆದುರು ಬರಿಮೈಯಲ್ಲಿ ನಿಂತಿದ್ದಾನೆ. ಆದರೆ ತಲೆಯ ಮೇಲೆ ಟೋಪಿ ಇದ್ದೇ ಇದೆ. ಹಂಪಿಯ ವಿರೂಪಾಕ್ಷ ಗುಡಿಯ ಛಾವಣಿಯ ಚಿತ್ರಗಳ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲದ ಕಾರಣ ಅವನ್ನು ನಾವು ನೆಚ್ಚಲಿಲ್ಲ.

ಇನ್ನು ಜಗಳದ ವಿಷಯಕ್ಕೆ ಬರೋಣ. ಗಿರೀಶ ಕಾರ್ನಾಡರ 2018ರ ‘ರಾಕ್ಷಸ ತಂಗಡಿ’ಯನ್ನು ವೇಷ ತೊಟ್ಟು ಓದೋಣವೆಂದು ಯೋಚನೆ ಬಂತು. ಅಳಿಯ ರಾಮರಾಯ ಮತ್ತು ಸುಲ್ತಾನರ ನಡುವೆ 1565ರ ಜನವರಿಯಲ್ಲಿ ನಡೆದ, ನಾವು ತಾಳಿಕೋಟೆ ಯುದ್ಧ ಎಂದು ಓದಿಕೊಂಡ ಯುದ್ಧದ ನಾಟಕ ಅದು. ಓದನ್ನು ನಿರ್ದೇಶಿಸುತ್ತಿದ್ದ ಮಿತ್ರರು ಸುಲಭದ ಉಪಾಯ ಹೇಳಿದರು: ವಿಜಯನಗರದವರಿಗೆಲ್ಲ ಕೇಸರಿ, ಬಿಜಾಪುರದವರಿಗೆಲ್ಲ ಹಸಿರು. ಹಿಂದಿನ ಸಾಲಿನವರಿಗೂ ಯಾರು ಯಾರೆಂದು ತಿಳಿಯುತ್ತದೆ. ನಾವು ಲೇಪಾಕ್ಷಿಯ ಫೋಟೋಗಳನ್ನು ಮುಂದಿಟ್ಟು, ಉದ್ದ ತೋಳಿನ ಬಿಳಿ ನಿಲುವಂಗಿ ಮತ್ತು ಚೂಪು ಟೋಪಿ ಎಂದೆವು. ಹಿರಿಯರೊಬ್ಬರು ಎದ್ದು ನಿಂತೇಬಿಟ್ಟರು. “ರಾಯರ ಅಳಿಯನಿಗೆ ತುರುಕರ ವೇಷ ಹಾಕ್ತೀರಾ?”

ಅವರ ಸಿಟ್ಟು ನಮಗೆ ಅರ್ಥವಾಗದ್ದೇನಲ್ಲ. ನಮ್ಮೆಲ್ಲರ ಮನಸ್ಸಿನಲ್ಲಿರುವ ರಾಯ 1970ರ ‘ಶ್ರೀ ಕೃಷ್ಣದೇವರಾಯ’ದ ರಾಜ್‌ಕುಮಾರ್. ಅದಕ್ಕೂ ಹಿಂದೆ ಗುಬ್ಬಿ ಕಂಪನಿಯಂಥ ನಾಟಕ ಕಂಪನಿಗಳ ಮಖಮಲ್ಲು, ಮಿಂಚುಬಿಲ್ಲೆ, ಗಿಲೀಟು ಕಿರೀಟ. ಗೋಡೆಯ ಮೇಲಿನ ರವಿವರ್ಮನ ಪಟಗಳು. ಅವುಗಳ ಬಗ್ಗೆ ನಮಗೂ ಪ್ರೀತಿಯೇ. ಆದರೆ ಅವು ಹತ್ತೊಂಬತ್ತು, ಇಪ್ಪತ್ತನೆಯ ಶತಮಾನದ ವೇಷಗಳು.

ನಿಲುವಂಗಿಯ ಹೆಸರು ಕಬಾಯಿ, ಟೋಪಿಯ ಹೆಸರು ಕುಲ್ಲಾಯಿ. ಕಬಾಯಿಯ ಮೂಲ ಅರಬ್ಬಿಯ ‘ಕಬಾ’, ಕುಲ್ಲಾಯಿಯ ಮೂಲ ಪಾರಸಿಯ ‘ಕುಲಾಹ್’. ಇವೆರಡನ್ನೂ ಹಿಡಿದು ಫಿಲಿಪ್ ವ್ಯಾಗನರ್ ಎಂಬ ಅಮೆರಿಕದ ವಿದ್ವಾಂಸರು 1996ರಲ್ಲಿ ಒಂದು ದೀರ್ಘ ಲೇಖನ ಬರೆದರು. ಅವರ ವಾದ ಸರಳ. ವಿಜಯನಗರದ ಅರಸರು ಪರ್ಷಿಯಾದಿಂದ ದಖನ್ನಿನವರೆಗೆ ಹರಡಿದ್ದ ಒಂದು ದೊಡ್ಡ ಲೋಕದ ಜೊತೆ ವ್ಯವಹರಿಸಬೇಕಾಗಿತ್ತು. ಆ ಲೋಕದಲ್ಲಿ ಬರಿಮೈ ಅಗೌರವ, ಮೈತುಂಬ ಹೊಲಿದ ಬಟ್ಟೆ ಗೌರವ. ಹಾಗಾಗಿ ದರ್ಬಾರಿಗೆ ಕಬಾಯಿ, ಗುಡಿಗೆ ಪಂಚೆ. ಧರ್ಮ ಬಿಟ್ಟದ್ದೂ ಇಲ್ಲ, ಯಾರಿಗೂ ಶರಣಾದದ್ದೂ ಇಲ್ಲ. ಹದಿನಾಲ್ಕನೆಯ ಶತಮಾನದ ನಡುವಿನಿಂದಲೇ ಈ ಅರಸರ ಶಾಸನಗಳಲ್ಲಿ ‘ಹಿಂದೂರಾಯ ಸುರತ್ರಾಣ’ ಎಂಬ ಬಿರುದು ಬರುತ್ತದೆ. ಸುರತ್ರಾಣ ಎಂದರೆ ಸುಲ್ತಾನ ಎಂಬ ಪದಕ್ಕೆ ತೊಡಿಸಿದ ಸಂಸ್ಕೃತದ ಉಡುಪು. 1443ರಲ್ಲಿ ಇಮ್ಮಡಿ ದೇವರಾಯನನ್ನು ಕಂಡ ಪರ್ಷಿಯಾದ ರಾಯಭಾರಿ ಅಬ್ದುರ್ ರಝಾಕನೂ ಅರಸನ ಝೈತೂನಿ ಸ್ಯಾಟಿನ್ ಉಡುಪನ್ನು ವರ್ಣಿಸಿದ್ದಾನೆ. ಹಳೆಯ ಅನುವಾದದಲ್ಲಿ ಅದು ಹಸಿರು ಸ್ಯಾಟಿನ್ ಎಂದಾಗಿದೆ. ಚೀನದ ಝೈತೂನ್ ಬಂದರಿನ ಬಟ್ಟೆ ಎನ್ನುವವರೂ ಇದ್ದಾರೆ. ಹಸಿರೇ ಆಗಿದ್ದ ಪಕ್ಷದಲ್ಲಿ ನಮ್ಮ ನಿರ್ದೇಶಕರ ಲೆಕ್ಕದ ಪ್ರಕಾರ ದೇವರಾಯ ಬಿಜಾಪುರದ ಕಡೆಗೆ ಸೇರಬೇಕಾಗುತ್ತಿತ್ತು!

ಹಿರಿಯರು ಪೂರ್ತಿ ಒಪ್ಪಲಿಲ್ಲ. ಅಮೆರಿಕದಲ್ಲಿ ಕೂತವರು ಹೀಗೆಯೇ ಬರೆಯುತ್ತಾರೆ ಎಂದರು (ಅವರೂ ಕೂತಿರುವುದು ಎಡಿಸನ್ನಿನಲ್ಲಿ). ಆಗ ಅವರ ಶ್ರೀಮತಿಯವರು, ಅದುವರೆಗೆ ಸುಮ್ಮನೆ ಗುಂಡಿ ಹೊಲಿಯುತ್ತಿದ್ದವರು, ತಲೆಯೆತ್ತದೆ ಕೇಳಿದರು: “ಕುಲ್ಲಾಯಿ ಅಂದ್ರೆ ನಮ್ಮ ಕುಲಾವಿನೇ ಅಲ್ವೇನ್ರೀ? ನಿಮ್ಮ ಮೊಮ್ಮಗನಿಗೆ ನಾನು ಹೆಣೆದಿದ್ದು?” ಅದೇ ಪದ, ಅದೇ ಮೂಲ. ಅರಸನ ತಲೆಯಿಂದ ಇಳಿದು ಕೂಸಿನ ತಲೆಗೆ ಬಂದಿದೆ. ಬೇಸ್‌ಮೆಂಟಿನಲ್ಲಿ ನಗು ಎದ್ದಿತು. ಹಿರಿಯರೂ ನಕ್ಕರು, ಆದರೆ ತಡವಾಗಿ.

ಕೊನೆಗೆ ಯಾರು ಯಾರೆಂದು ತೋರಿಸುವ ಸಮಸ್ಯೆಯನ್ನು ಬಿಡಿಸಿದ್ದೂ ಆ ಟೋಪಿಯೇ. 2015ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ದಖನ್ನಿನ ಸುಲ್ತಾನರ ಕಲೆಯ ಪ್ರದರ್ಶನ ನಡೆದಾಗ ನಮ್ಮಲ್ಲಿ ಕೆಲವರು ಎರಡೆರಡು ಸಲ ಹೋಗಿದ್ದೆವು. ಅಲ್ಲಿನ ಚಿತ್ರಗಳಲ್ಲಿ ಬಿಜಾಪುರದ ಇಬ್ರಾಹಿಂ ಆದಿಲ್‌ಶಾಹನಂಥವರ ತಲೆಯ ಮೇಲಿದ್ದದ್ದು ಸುತ್ತಿದ ರುಮಾಲು. ಅವು ರಾಮರಾಯನ ಕಾಲಕ್ಕಿಂತ ಸ್ವಲ್ಪ ಈಚಿನವು, ಆದರೂ ನಮ್ಮ ಕೆಲಸಕ್ಕೆ ಸಾಕು. ಸುಲ್ತಾನರಿಗೆ ರುಮಾಲು, ವಿಜಯನಗರದವರಿಗೆ ಚೂಪು ಕುಲಾವಿ ಎಂದು ನಿಶ್ಚಯವಾಯಿತು. ಪಾರಸಿ ಹೆಸರಿನ ಟೋಪಿಯೇ ರಾಮರಾಯನ ಗುರುತಾಯಿತು. ಬಣ್ಣ ಎಲ್ಲರಿಗೂ ಬಿಳಿ.

ಇನ್ನು ಹೊಲಿಗೆ. ಕಬಾಯಿಗೆ ಓಕ್ ಟ್ರೀ ರಸ್ತೆಯಲ್ಲಿ ಮಲ್‌ಮಲ್ ಸಿಕ್ಕಿತು. ಪಾಲಿಯೆಸ್ಟರ್ ಬೇಡವೇ ಬೇಡ. ದೀಪದಡಿ ಪಾತ್ರಧಾರಿ ಬೇಯುತ್ತಾನೆ, ಬಟ್ಟೆಯೂ ನೆರಿಗೆ ಬೀಳದೆ ಚೀಲದ ಹಾಗೆ ನಿಲ್ಲುತ್ತದೆ. ತೋಳು ಕೈಗಿಂತ ಉದ್ದವಿಟ್ಟು ಮಣಿಕಟ್ಟಿನ ಮೇಲೆ ಸುಕ್ಕು ಬೀಳುವಂತೆ ಏರಿಸಬೇಕು. ಜಿಪ್ಪು, ಗುಂಡಿ ಇಲ್ಲ, ಕಸೆ ಕಟ್ಟಬೇಕು. ಚಿನ್ನದ ಗುಲಾಬಿ ಕಸೂತಿ ಮಾಡುತ್ತ ಕೂತರೆ ಮುಂದಿನ ಅಧಿಕಮಾಸವೇ ಬರುತ್ತದೆಂದು ಮಕ್ಕಳಿಗೆ ಆಲೂಗಡ್ಡೆಯ ಅಚ್ಚು ಕೊರೆದುಕೊಟ್ಟು ಬಣ್ಣದಲ್ಲಿ ಒತ್ತಿಸಿದೆವು. ನೂಲೆಣಿಸುವವರು ಕ್ಷಮಿಸಬೇಕು.

ಟೋಪಿ ಮಾತ್ರ ನೀರಿಳಿಸಿತು. ಮೊದಲೆಲ್ಲ ಬಕ್ರಮ್ಮಿಗೆ ಹತ್ತಿರದ ಜೋಆನ್ ಅಂಗಡಿಗೆ ಓಡುತ್ತಿದ್ದೆವು, 2025ರಲ್ಲಿ ಆ ಅಂಗಡಿಗಳೆಲ್ಲ ಮುಚ್ಚಿಹೋದವು. ಹಾಗಾಗಿ ಮ್ಯಾನ್‌ಹಟನ್ನಿನ ಗಾರ್ಮೆಂಟ್ ಡಿಸ್ಟ್ರಿಕ್ಟಿಗೆ ರೈಲು ಹತ್ತಿದೆವು. ಅಲ್ಲಿ ಏಳನೆಯ ಅವೆನ್ಯೂದಲ್ಲಿ ಹೊಲಿಗೆ ಯಂತ್ರದ ಮೇಲೆ ಬಾಗಿ ಕೂತ ದರ್ಜಿಯ ಕಂಚಿನ ಪ್ರತಿಮೆ ಇದೆ, ಜೂಡಿತ್ ವೆಲ್ಲರ್ 1984ರಲ್ಲಿ ಮಾಡಿದ್ದು. ಅವನ ತಲೆಯ ಮೇಲೂ ಯಹೂದ್ಯರ ಪುಟ್ಟ ಟೋಪಿ. ಕೈಮುಗಿದೇ ಮುಂದೆ ಹೋದೆವು.

ಮೊದಲ ಕುಲಾವಿ ಹುಟ್ಟುಹಬ್ಬದ ಟೋಪಿಯ ಹಾಗಾಯಿತು. ಎರಡನೆಯದು ಪಾತ್ರಧಾರಿ ತಲೆಬಾಗಿದ ಕೂಡಲೇ ಮೂಗಿನ ಮೇಲೆ ಕೂತಿತು. ನಮ್ಮ ತಪ್ಪು ತಿಳಿದದ್ದು ಚಿತ್ರಗಳನ್ನು ಮತ್ತೆ ನೋಡಿದಾಗ: ಅದು ಐಸ್‌ಕ್ರೀಮ್ ಕೋನಿನಂತೆ ನೆಟ್ಟಗಿಲ್ಲ, ತುದಿ ದುಂಡಗಿದೆ, ಹಣೆಯಿಂದ ಕೊಂಚ ಹಿಂದಕ್ಕೆ ವಾಲಿದೆ. ಮೂರನೆಯದಕ್ಕೆ ಬಕ್ರಮ್ಮನ್ನು ನಾಲ್ಕು ಎಸಳಾಗಿ ಕತ್ತರಿಸಿ ಸೇರಿಸಿ, ಒಳಗೆ ಹಳೆಯ ಪಂಚೆಯ ಅಸ್ತರಿ ಕೊಟ್ಟು, ಹಿಂಭಾಗದಲ್ಲಿ ಒಂದು ಕಟ್ಟು ಇಟ್ಟೆವು. ನಿಂತಿತು.

ಹೊರಗೆ ಹೊದಿಸಲು ಜರಿ ಬೇಕಲ್ಲ? ನಮ್ಮ ಸದಸ್ಯೆಯೊಬ್ಬರು ತಮ್ಮ ತಾಯಿಯ ಧಾರೆ ಸೀರೆ ತಂದರು. ಮೈಯೆಲ್ಲ ಮಡಿಕೆಯಲ್ಲಿ ಸೀಳಿತ್ತು, ಸೆರಗಿನ ಜರಿ ಮಾತ್ರ ಹೊಸದರಂತಿತ್ತು. ಕತ್ತರಿ ಹಾಕಲು ಯಾರಿಗೂ ಮನಸ್ಸು ಬರಲಿಲ್ಲ. ಹದಿನೈದು ನಿಮಿಷ ಮೇಜಿನ ಮೇಲೆ ಹಾಗೇ ಇತ್ತು. ಕೊನೆಗೆ ಅವರೇ ಕತ್ತರಿಸಿದರು, ಉಳಿದ ತುಂಡನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡರು.

ಓದು ನಡೆದದ್ದು ಚಳಿಗಾಲದಲ್ಲಿ, ಒಂದು ಶಾಲೆಯ ಸಭಾಂಗಣದಲ್ಲಿ. ಪಾಯಸ್ ಬರೆದ ಬರಿಗಾಲನ್ನು ನಮ್ಮ ರಾಮರಾಯರು ಸಾರಾಸಗಟಾಗಿ ನಿರಾಕರಿಸಿದರು. ಮೈಬಣ್ಣದ ಕಾಲುಚೀಲಕ್ಕೆ ರಾಜಿಯಾಯಿತು. ಹಿರಿಯರು ಮೊದಲ ಸಾಲಿನಲ್ಲೇ ಕೂತಿದ್ದರು. ಮುಗಿದ ಮೇಲೆ ಹಿಂದೆ ಬಂದು, ಕುಲಾವಿಯನ್ನು ತೆಗೆದು ತಿರುಗಿಸಿ ನೋಡಿ, ಒಳಗಿನ ಹೊಲಿಗೆ ಚೆನ್ನಾಗಿದೆ ಎಂದರು. ವೇಷದ ವಿಷಯ ಎತ್ತಲಿಲ್ಲ.

ಮುಂದಿನ ಕೆಲಸ ಇನ್ನೂ ತಮಾಷೆಯದು. ಮಹಾನವಮಿಯ ಮೆರವಣಿಗೆಯಲ್ಲಿ ಅರಮನೆಯ ಹೆಂಗಸರೂ ಮುತ್ತಿನ ಹೂಗಳಿದ್ದ ಎತ್ತರದ ಕುಲಾವಿ ತೊಟ್ಟಿದ್ದರೆಂದು ಪಾಯಸ್ ಬರೆಯುತ್ತಾನೆ. ಆಭರಣಗಳು ಎಷ್ಟು ಭಾರವಾಗಿದ್ದವೆಂದರೆ ಕೆಲವರ ತೋಳುಗಳನ್ನು ಪಕ್ಕದವರು ಹಿಡಿದುಕೊಂಡು ನಡೆಸಬೇಕಾಗಿತ್ತಂತೆ. ಅಂಥ ನಾಲ್ಕು ಕುಲಾವಿ ಹೊಲಿಯಬೇಕೆಂದಿದ್ದೇವೆ. ಹರಿದ ಜರಿ ಸೀರೆ, ದಾರ ಕಿತ್ತ ಮುತ್ತಿನ ಸರ ಇದ್ದವರು ದಯವಿಟ್ಟು ಎಸೆಯಬೇಡಿ, ನಮಗೆ ತಂದುಕೊಡಿ. ತಲೆ ಕೊಡಲು ಸಿದ್ಧರಿರುವ ಮಹಿಳೆಯರು ಸುತ್ತಳತೆಯನ್ನು ಹಣೆಯ ನಡುವಿನಿಂದ, ತುರುಬು ಬಿಟ್ಟು, ಇಂಚಿನಲ್ಲಿ ಅಳೆದು ತಿಳಿಸಿ.