ಬಾವಿಯಲ್ಲಿ ತೈಲವಿದೆ, ಮೇಲೆ ಬರುವ ಬಲವಿಲ್ಲ

ತೈಲಬಾವಿ ಎಂದೊಡನೆ ನೆಲದಿಂದ ಚಿಮ್ಮುವ ಕಪ್ಪು ಕಾರಂಜಿಯ ಚಿತ್ರ ನಿಮ್ಮ ಕಣ್ಣಮುಂದೆ ಬರಬಹುದು. ಆದರೆ ಪ್ರಪಂಚದ ಬಹುಪಾಲು ಬಾವಿಗಳಲ್ಲಿ ತೈಲವು ತಾನಾಗಿ ಮೇಲೆ ಬರುವುದಿಲ್ಲ, ಅದನ್ನು ಎತ್ತಬೇಕಾಗುತ್ತದೆ. ಇದೇಕೆ?

ಒಂದು ಸರಳ ಲೆಕ್ಕ ಹಾಕೋಣ. 10 ಮೀಟರ್ ಎತ್ತರದ ನೀರಿನ ಸ್ತಂಭವು ತನ್ನ ಬುಡದಲ್ಲಿ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಹಾಕುತ್ತದೆ. ಭೂಮಿಯೊಳಗಿನ ಶಿಲಾರಂಧ್ರಗಳಲ್ಲಿ ನೀರು ತುಂಬಿರುವುದರಿಂದ, 2,000 ಮೀಟರ್ ಆಳದ ತೈಲಪದರದಲ್ಲಿ ಸಾಮಾನ್ಯವಾಗಿ ಸುಮಾರು 200 ವಾಯುಮಂಡಲಗಳ ಒತ್ತಡವಿರುತ್ತದೆ. ತೈಲ ನೀರಿಗಿಂತ ಹಗುರ. ಅದರ ಸಾಪೇಕ್ಷ ಸಾಂದ್ರತೆ 0.85 ಎಂದಿಟ್ಟುಕೊಂಡರೆ, ಬಾವಿಯ ಬಾಯಿಯವರೆಗೆ ನಿಂತ ತೈಲಸ್ತಂಭದ ಒತ್ತಡ 170 ಮಾತ್ರ. ಉಳಿದ 30ರ ಬಲದಿಂದ ತೈಲವು ಮೇಲಕ್ಕೆ ಹರಿಯುತ್ತದೆ. ತೈಲ ತೆಗೆದಂತೆಲ್ಲ ಪದರದ ಒತ್ತಡ ಕುಗ್ಗುತ್ತದೆ. ಅದು 150ಕ್ಕೆ ಇಳಿಯಿತೆನ್ನಿ. ಆಗ ತೈಲವು ನೆಲಮಟ್ಟಕ್ಕಿಂತ ಸುಮಾರು 235 ಮೀಟರ್ ಕೆಳಗೇ ನಿಂತುಬಿಡುತ್ತದೆ. ಪದರದಲ್ಲಿ ತೈಲವಿದ್ದರೂ ಬಾವಿ ಹರಿಯದು.

ಮೇಲಿನಿಂದಲೇ ಹೀರಬಾರದೇ ಎಂದು ನೀವು ಕೇಳಬಹುದು. ಹೀರುವಾಗ ದ್ರವವನ್ನು ಮೇಲಕ್ಕೆ ದೂಡುವುದು ಗಾಳಿಯ ಒತ್ತಡ. ಅದು ತೈಲವನ್ನು ಸುಮಾರು 12 ಮೀಟರಿಗಿಂತ ಹೆಚ್ಚು ಎತ್ತಲಾರದು. ಆದ್ದರಿಂದ ಬಾವಿಯ ಆಳದಲ್ಲೇ ನೆರವು ಒದಗಿಸಬೇಕು. ಅದಕ್ಕೆ ಎರಡು ದಾರಿಗಳಿವೆ: ಸ್ತಂಭದ ಭಾರ ಇಳಿಸುವುದು, ಇಲ್ಲವೇ ಪಂಪಿನಿಂದ ದೂಡುವುದು.

ಭಾರ ಇಳಿಸುವ ವಿಧಾನಕ್ಕೆ ಗ್ಯಾಸ್ ಲಿಫ್ಟ್ ಎನ್ನುತ್ತಾರೆ. ಒತ್ತಿದ ನೈಸರ್ಗಿಕ ಅನಿಲವನ್ನು ಬಾವಿಯೊಳಕ್ಕೆ ಇಳಿಸಿ, ಕವಾಟಗಳ ಮೂಲಕ ತೈಲದ ಕೊಳವೆಗೆ ಬಿಡುತ್ತಾರೆ. ಗುಳ್ಳೆಗಳು ಬೆರೆತು ಸ್ತಂಭ ಹಗುರವಾಗುತ್ತದೆ; ಪದರದಲ್ಲಿ ಉಳಿದಿರುವ ಒತ್ತಡವೇ ಅದನ್ನು ಮೇಲೇರಿಸುತ್ತದೆ. ನಮ್ಮ ಹಳ್ಳಿಗಳ ಕಂಪ್ರೆಸರ್ ಕೊಳವೆಬಾವಿಗಳಲ್ಲಿ ಗಾಳಿ ಮಾಡುವ ಕೆಲಸವೂ ಇದೇ. ತೈಲಬಾವಿಗೆ ಮಾತ್ರ ಗಾಳಿ ಸಲ್ಲದು. ಅದರಲ್ಲಿನ ಆಮ್ಲಜನಕದಿಂದ ಸ್ಫೋಟದ ಅಪಾಯವಿದೆ. 1974ರಲ್ಲಿ ಪತ್ತೆಯಾದ, ಅರಬ್ಬೀ ಸಮುದ್ರದ ಮುಂಬೈ ಹೈ ಕ್ಷೇತ್ರದಲ್ಲಿ ಗ್ಯಾಸ್ ಲಿಫ್ಟ್ ಬಳಕೆಯಲ್ಲಿದೆ. ಸಮುದ್ರದ ಇಕ್ಕಟ್ಟಾದ ವೇದಿಕೆಗಳ ಮೇಲೆ ಬಾವಿಗೊಂದರಂತೆ ದೊಡ್ಡ ಯಂತ್ರ ನಿಲ್ಲಿಸಲು ಜಾಗವೆಲ್ಲಿ?

ನೆಲದ ಮೇಲೆ ಆ ತೊಂದರೆಯಿಲ್ಲ. ಗುಜರಾತಿನ ಮೆಹಸಾಣದ ಹೊಲಗಳ ನಡುವೆ, ಏತದಂತೆ ತಲೆಯಾಡಿಸುವ ಯಂತ್ರಗಳನ್ನು ಕಾಣಬಹುದು. ಇವು ಸಕ್ಕರ್ ರಾಡ್ ಪಂಪುಗಳು. ತೊಲೆ ಏರಿಳಿದಾಗ, ಉದ್ದನೆಯ ಉಕ್ಕಿನ ಸರಳುಗಳು ಆಳದಲ್ಲಿರುವ ಕೊಂತವನ್ನು ಏರಿಳಿಸುತ್ತವೆ. ಒಂದೊಂದು ಏರಿಕೆಗೂ ಸ್ವಲ್ಪ ತೈಲ ಮೇಲೆ ಬರುತ್ತದೆ.

ಹೆಚ್ಚು ದ್ರವವನ್ನು ಎತ್ತಬೇಕಾದಲ್ಲಿ, ನಿಮ್ಮೂರಿನ ಕೊಳವೆಬಾವಿಯಲ್ಲಿರುವಂತಹ ಸಬ್‌ಮರ್ಸಿಬಲ್ ಪಂಪನ್ನೇ ಇಳಿಸುತ್ತಾರೆ. ಆದರೆ ಅನಿಲ, ಮರಳು ಹೆಚ್ಚಾದರೆ ಅದು ಬೇಗ ಕೆಡುತ್ತದೆ. ಮಂದವಾದ, ಮರಳು ಬೆರೆತ ತೈಲಕ್ಕೆ ತಿರುಪಿನಾಕಾರದ ಪಂಪು ಹೊಂದುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಈ ವಿಧಾನಗಳು ಬಾವಿಗೆ ನೆರವಾಗುತ್ತವೆಯೇ ಹೊರತು ಪದರದ ಒತ್ತಡವನ್ನು ಮರಳಿ ತುಂಬುವುದಿಲ್ಲ. ಅದಕ್ಕೆ ಬೇರೆ ಬಾವಿಗಳಿಂದ ಪದರಕ್ಕೆ ನೀರು ತುಂಬಬೇಕು. ಆತುರದಿಂದ ಎತ್ತಿದರೆ ತೈಲದ ಬದಲು ಕೆಳಗಿನ ನೀರೇ ನುಗ್ಗಿ ಬರಬಹುದು. ಬೇಕಾದ ಕಚ್ಚಾತೈಲದಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚನ್ನು ಆಮದು ಮಾಡಿಕೊಳ್ಳುವ ನಮ್ಮ ದೇಶಕ್ಕೆ, ತೈಲವಿದ್ದೂ ಹರಿಯದ ಬಾವಿಯನ್ನು ಕೈಬಿಡುವುದು ದುಬಾರಿ.

ಮೇಲಿನ ಲೆಕ್ಕದಲ್ಲಿ ಒತ್ತಡವು 120ಕ್ಕೆ ಇಳಿದರೆ ತೈಲ ಎಷ್ಟು ಆಳದಲ್ಲಿ ನಿಲ್ಲುತ್ತದೆ? ನೀವೇ ಕಂಡುಹಿಡಿಯಿರಿ.