ತರಗತಿಯ ಗದ್ದಲಕ್ಕೊಂದು ಲೆಕ್ಕ: ಸೌಂಡ್ ಲಾಗರ್‌ನಿಂದ ಅಳೆಯುವ ಬಗೆ

ಉಕ್ತಲೇಖನದ ಹೊತ್ತಿನಲ್ಲಿ ಕಡೆಯ ಸಾಲಿನ ಮಗು ‘ಬಂದಳು’ ಎಂಬುದನ್ನು ‘ಬಂದರು’ ಎಂದು ಬರೆದರೆ ನಾವು ಮೊದಲು ದೂರುವುದು ಮಗುವಿನ ಗಮನವನ್ನು. ಆ ಪದದ ಕೊನೆಯ ಅಕ್ಷರ ಮಗುವಿನ ಕಿವಿಗೆ ತಲುಪಿತೇ ಎಂದು ಕೇಳಿಕೊಳ್ಳುವುದು ಅಪರೂಪ. ಕನ್ನಡದಲ್ಲಿ ಲಿಂಗ, ವಚನ, ವಿಭಕ್ತಿ, ಕಾಲಗಳೆಲ್ಲವೂ ಬಹುಮಟ್ಟಿಗೆ ಪದದ ಕೊನೆಯಲ್ಲಿ ಕುಳಿತಿರುತ್ತವೆ. ಮಾತಿನ ದನಿ ತಗ್ಗುವುದೂ ಅಲ್ಲಿಯೇ. ಗದ್ದಲ ಮೊದಲು ನುಂಗುವುದು ಆ ತುದಿಯನ್ನು.

ಸಲಗರ ಬುದ್ರುಕ ಹಾಗೂ ಸುತ್ತಲಿನ ಇತರ ಊರುಗಳ ಮಕ್ಕಳಿಗೆ ಇದು ಇನ್ನಷ್ಟು ತೊಡಕಿನ ವಿಷಯ. ಮನೆಯ ಮಾತು ಗಡಿಸೀಮೆಯ ಕನ್ನಡ, ಬಾಲಭಾರತಿಯ ಪುಸ್ತಕದ್ದು ಗ್ರಾಂಥಿಕ ಕನ್ನಡ. ಅದರೊಡನೆ ಮರಾಠಿ, ಇಂಗ್ಲಿಷ್. ಬಲ್ಲ ಭಾಷೆಯಲ್ಲಿ ಅರ್ಧ ಕೇಳಿದರೂ ಉಳಿದುದನ್ನು ಮನಸ್ಸೇ ತುಂಬಿಕೊಳ್ಳುತ್ತದೆ. ಹೊಸದಾಗಿ ಕಲಿಯುತ್ತಿರುವ ಭಾಷೆಯಲ್ಲಿ ಹಾಗೆ ತುಂಬಿಕೊಳ್ಳಲು ಮಗುವಿನ ಬಳಿ ಇನ್ನೂ ಪದಗಳ ಸಂಗ್ರಹವಿರುವುದಿಲ್ಲ. ಆದ್ದರಿಂದ ನಮ್ಮ ಶಾಲೆಗಳಿಗೆ ಶಿಕ್ಷಕರು ಬೇಕು, ಪುಸ್ತಕ ಬೇಕು ಎಂದು ಕೇಳುವಾಗ, ಪಾಠ ಕಿವಿಗೆ ಬೀಳುವಷ್ಟು ನಿಶ್ಶಬ್ದವೂ ಬೇಕೆಂದು ಕೇಳಬೇಕಾಗಿದೆ. ಆದರೆ ‘ಬಹಳ ಸದ್ದು’ ಎಂಬ ಬರಿಯ ದೂರಿಗೆ ಬೆಲೆಯಿಲ್ಲ. ಅದನ್ನು ಅಂಕಿಯಲ್ಲಿ ತೋರಿಸಬೇಕು.

ಸದ್ದಿನ ಮಟ್ಟವನ್ನು ಅಳೆಯುವ ಮಾನ ಡೆಸಿಬೆಲ್. ಇದು ಸೇರು, ಮೀಟರುಗಳಂತೆ ನೇರ ಲೆಕ್ಕವಲ್ಲ. 3 ಡೆಸಿಬೆಲ್ ಏರಿದರೆ ಶಬ್ದಶಕ್ತಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, 10 ಏರಿದರೆ ಹತ್ತು ಪಟ್ಟಾಗುತ್ತದೆ. ಸಾಮಾನ್ಯ ಮಾತು ಒಂದು ಮೀಟರ್ ದೂರದಲ್ಲಿ ಸುಮಾರು 60 ಡೆಸಿಬೆಲ್. ದೂರ ಇಮ್ಮಡಿಯಾದಂತೆ ಬಯಲಿನಲ್ಲಿ 6 ಡೆಸಿಬೆಲ್ ತಗ್ಗುತ್ತದೆ. ಶಿಕ್ಷಕರು ತುಸು ದನಿಯೇರಿಸಿ 65ರಲ್ಲಿ ಮಾತನಾಡಿದರೂ 4 ಮೀಟರಿನಲ್ಲಿ ಅದು 53, 8 ಮೀಟರಿನಲ್ಲಿ 47. ಕೋಣೆಯೊಳಗೆ ಗೋಡೆಗಳ ಪ್ರತಿಫಲನದಿಂದ ಇಷ್ಟು ತಗ್ಗುವುದಿಲ್ಲ. ಆದರೆ ಅದೇ ಪ್ರತಿಫಲನ ಅಕ್ಷರಗಳನ್ನು ಒಂದರ ಮೇಲೊಂದು ಕಲಸುತ್ತದೆ. ಮಕ್ಕಳಿಗೆ ಮಾತು ಸ್ಪಷ್ಟವಾಗಬೇಕಾದರೆ ಅದು ಹಿನ್ನೆಲೆಯ ಸದ್ದಿಗಿಂತ ಸುಮಾರು 15 ಡೆಸಿಬೆಲ್ ಮೇಲಿರಬೇಕು. ಆದುದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿಯು ಪಾಠದ ವೇಳೆ ತರಗತಿಯೊಳಗಿನ ಹಿನ್ನೆಲೆ ಸದ್ದು 35 ಡೆಸಿಬೆಲ್ ಮೀರಬಾರದೆಂದು ಹೇಳುತ್ತದೆ.

ಭಾರತದ ಶಬ್ದಮಾಲಿನ್ಯ ನಿಯಮಗಳು 2000ರಲ್ಲಿ ಬಂದವು. ಅವು ಹೊರಗಿನ ಸದ್ದಿಗೆ ಸಂಬಂಧಿಸಿದವು. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್. ಶಾಲೆ, ಆಸ್ಪತ್ರೆ, ನ್ಯಾಯಾಲಯಗಳ ಸುತ್ತ ಕನಿಷ್ಠ 100 ಮೀಟರ್ ಪ್ರದೇಶವನ್ನು ಶಾಂತ ವಲಯವೆಂದು ಘೋಷಿಸಲು ಅವಕಾಶವಿದ್ದು, ಅಲ್ಲಿ ಹಗಲಿನ ಮಿತಿ 50.

ಸೌಂಡ್ ಲಾಗರ್ ಎಂದರೆ ಸದ್ದಿನ ಮಟ್ಟವನ್ನು ಗೊತ್ತಾದ ಅಂತರದಲ್ಲಿ ತಾನಾಗಿಯೇ ಅಳೆದು, ಸಮಯದೊಡನೆ ನೆನಪಿನಲ್ಲಿಟ್ಟುಕೊಳ್ಳುವ ಚಿಕ್ಕ ಯಂತ್ರ. ಅದರಲ್ಲಿ ‘ಎ’ ಮಾಪನವನ್ನು ಆರಿಸಬೇಕು. ಮನುಷ್ಯರ ಕಿವಿ ಕೇಳುವ ರೀತಿಗೆ ಹೊಂದಿಸಿದ ಮಾಪನವದು. ಪ್ರತಿ ನಿಮಿಷಕ್ಕೊಂದು ಸರಾಸರಿ ದಾಖಲಾಗುವಂತೆ ಹೊಂದಿಸಿದರೆ ಐದು ಗಂಟೆಗೆ 300 ಅಂಕಿಗಳು ಸಿಗುತ್ತವೆ. ಲಾಗರ್ ಇಲ್ಲದಿದ್ದರೆ ಮೊಬೈಲಿನ ಆ್ಯಪ್ ಬಳಸಬಹುದು. ಅದರ ಅಂಕಿ ಕೆಲವು ಡೆಸಿಬೆಲ್ ಆಚೀಚೆ ಇರಬಹುದಾದ್ದರಿಂದ ಕಾನೂನಿನ ಪುರಾವೆಯಾಗದು. ಅದೇ ಮೊಬೈಲನ್ನು ಅದೇ ಜಾಗದಲ್ಲಿಟ್ಟು ಇಂದಿಗೂ ನಾಳೆಗೂ ಹೋಲಿಸಲು ಸಾಕು.

ಯಂತ್ರವನ್ನು ಕುಳಿತ ಮಗುವಿನ ಕಿವಿಯ ಎತ್ತರದಲ್ಲಿ, ಗೋಡೆಯಿಂದ ಒಂದು ಮೀಟರಾದರೂ ದೂರದಲ್ಲಿ, ಫ್ಯಾನಿನ ಗಾಳಿ ನೇರವಾಗಿ ಬಡಿಯದಂತೆ ಇಡಬೇಕು. ಮಕ್ಕಳು ಬಡಿಯುವ ಬೆಂಚಿನ ಮೇಲೆ ಇಡಬಾರದು. ಒಂದು ದಿನದ ಅಳತೆ ಸಾಲದು, ಶಾಲೆ ನಡೆಯುವ ಐದು ದಿನಗಳಾದರೂ ಬೇಕು. ಮಕ್ಕಳಿಲ್ಲದ ಖಾಲಿ ಕೋಣೆಯನ್ನೂ ಅರ್ಧ ಗಂಟೆ ಅಳೆಯಬೇಕು. ಹೊರಗಿನಿಂದ ಬರುವ ಸದ್ದೆಷ್ಟು, ನಮ್ಮದೇ ಸದ್ದೆಷ್ಟು ಎಂಬುದು ಆಗ ಬೇರ್ಪಡುತ್ತದೆ. ಲಾಗರ್ ಮಾತುಗಳನ್ನು ಮುದ್ರಿಸಿಕೊಳ್ಳುವುದಿಲ್ಲ, ಮಟ್ಟವನ್ನಷ್ಟೇ ಬರೆದಿಡುತ್ತದೆ. ಆದ್ದರಿಂದ ಯಾವ ಸದ್ದು ಎಂಬುದನ್ನು ಮಕ್ಕಳೇ ನೋಟುಬುಕ್ಕಿನಲ್ಲಿ ಸಮಯಸಹಿತ ಗುರುತಿಸಬೇಕು: ಹಿಟ್ಟಿನ ಗಿರಣಿ, ಕಬ್ಬಿನ ಟ್ರ್ಯಾಕ್ಟರ್, ಧ್ವನಿವರ್ಧಕ, ಪತ್ರಾ ಮೇಲಿನ ಮಳೆ, ಪಕ್ಕದ ತರಗತಿಯ ಮಗ್ಗಿ. ಯಂತ್ರದ ಗಡಿಯಾರ ಮತ್ತು ಗೋಡೆಯ ಗಡಿಯಾರ ಮೊದಲೇ ಸರಿಹೊಂದಿರಬೇಕು.

ಇನ್ನು ಗ್ರಾಫ್ ಬರೆಯುವ ಕೆಲಸ. ಅಡ್ಡರೇಖೆಯಲ್ಲಿ ಸಮಯ, ಲಂಬರೇಖೆಯಲ್ಲಿ 30ರಿಂದ 90ರವರೆಗೆ ಡೆಸಿಬೆಲ್. ಬಿಂದುಗಳನ್ನು ಜೋಡಿಸಿದ ಮೇಲೆ ನೋಟುಬುಕ್ಕಿನ ಟಿಪ್ಪಣಿಗಳನ್ನು ಆಯಾ ಏರುಗಳ ಮೇಲೆ ಬರೆಯಬೇಕು. 35 ಮತ್ತು 50ರ ಮಟ್ಟದಲ್ಲಿ ಎರಡು ಕೆಂಪು ಗೆರೆಗಳನ್ನು ಎಳೆದರೆ ಓದುವುದು ಸುಲಭ. ಬಳಿಕ 300 ಅಂಕಿಗಳನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿದರೆ, 30ನೆಯ ಅಂಕಿ ಆ ಕೋಣೆಯ ಹಿನ್ನೆಲೆ ಸದ್ದು, 270ನೆಯದು ಗದ್ದಲದ ಹೊತ್ತಿನ ಮಟ್ಟ. ಏಳನೆಯ ತರಗತಿಯ ಮಗು ಈ ಲೆಕ್ಕ ಮಾಡಬಲ್ಲದು. ಸರಾಸರಿಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅರ್ಧ ಗಂಟೆ 50, ಇನ್ನರ್ಧ ಗಂಟೆ 80 ಡೆಸಿಬೆಲ್ ಇದ್ದರೆ ಕೂಡಿ ಭಾಗಿಸಿದಾಗ 65 ಬರುತ್ತದೆ. ಶಬ್ದಶಕ್ತಿಯ ಸರಾಸರಿ ಮಾತ್ರ 77.

ಗ್ರಾಫಿನಿಂದ ಏನಾಗುತ್ತದೆ ಎಂಬುದಕ್ಕೆ ನ್ಯೂಯಾರ್ಕಿನ ಒಂದು ಸರಕಾರಿ ಶಾಲೆ ಸಾಕ್ಷಿ. ಅದರ ಒಂದು ಪಾರ್ಶ್ವದ ಬಳಿಯೇ ಎತ್ತರದ ಹಳಿಯ ಮೇಲೆ ರೈಲು ಓಡುತ್ತಿತ್ತು. 1975ರಲ್ಲಿ ಅರ್ಲೀನ್ ಬ್ರಾನ್ಜಾಫ್ಟ್ ಮತ್ತು ಡೆನಿಸ್ ಮೆಕಾರ್ಥಿ ಅವರು ಎರಡೂ ಪಾರ್ಶ್ವಗಳ ಮಕ್ಕಳನ್ನು ಹೋಲಿಸಿದರು. ರೈಲಿನ ಬದಿಯ ಕೋಣೆಗಳ ಮಕ್ಕಳು ಓದುವುದರಲ್ಲಿ ಹಿಂದೆ ಬಿದ್ದಿದ್ದರು, ಆರನೆಯ ತರಗತಿಯ ಹೊತ್ತಿಗೆ ಅಂತರ ಸುಮಾರು ಒಂದು ವರ್ಷದಷ್ಟಾಗಿತ್ತು. ಬಳಿಕ ಹಳಿಗಳ ಕೆಳಗೆ ರಬ್ಬರ್ ಹಾಕಿದರು, ಕೋಣೆಗಳಿಗೆ ಸದ್ದು ಹೀರುವ ಒಳಮಾಳಿಗೆ ಕಟ್ಟಿದರು. 1981ರ ಅಧ್ಯಯನದಲ್ಲಿ ಆ ಅಂತರ ಕಾಣಲಿಲ್ಲ. ದಡ್ಡರೆನಿಸಿಕೊಂಡಿದ್ದ ಮಕ್ಕಳಲ್ಲಿ ಕೊರತೆಯಿರಲಿಲ್ಲ.

ನಮ್ಮ ಪರಿಹಾರಗಳಿಗೆ ಅಷ್ಟು ಹಣ ಬೇಕಿಲ್ಲ. ಖಾಲಿ ಕೋಣೆಯೇ 50 ದಾಟುತ್ತಿದ್ದರೆ ಕಾರಣ ಹೊರಗಿದೆ. ಗಿರಣಿಯವರೊಡನೆ ಸಮಯದ ಮಾತು, ಪಂಚಾಯಿತಿಗೆ ಅರ್ಜಿ, ರಸ್ತೆಯ ಬದಿಯ ಕಿಟಕಿಗೆ ಸಂದಿಲ್ಲದ ಬಾಗಿಲು ಬೇಕು. ಖಾಲಿ ಕೋಣೆ ಶಾಂತವಾಗಿದ್ದು ಪಾಠದ ವೇಳೆ ಮಟ್ಟ ಏರುತ್ತಿದ್ದರೆ ಕಾರಣ ಒಳಗಿದೆ. ಬೆಂಚಿನ ಕಾಲಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಕಟ್ಟಬಹುದು, ಹಿಂದಿನ ಗೋಡೆಗೆ ಅಜ್ಜಿಯರು ಹೊಲಿದ ದಪ್ಪ ಕೌದಿ ತೂಗುಹಾಕಬಹುದು. ಕೌದಿ ಹೊರಗಿನ ಸದ್ದನ್ನು ತಡೆಯದು, ಕೋಣೆಯೊಳಗಿನ ಮಾರ್ದನಿಯನ್ನು ತಗ್ಗಿಸುತ್ತದೆ. ಪತ್ರಾ ಕೆಳಗೆ ಒಳಮಾಳಿಗೆ ಬರುವವರೆಗೆ ಮಳೆಯ ಹೊತ್ತಿಗೆ ಬರವಣಿಗೆಯ ಕೆಲಸ ಕೊಡಬಹುದು. ಯಾವ ಬದಲಾವಣೆಯ ನಂತರವೂ ಅದೇ ಜಾಗದಲ್ಲಿ ಮತ್ತೊಮ್ಮೆ ಅಳೆದು, ಎರಡೂ ಗ್ರಾಫ್‌ಗಳನ್ನು ಪಕ್ಕಪಕ್ಕದಲ್ಲಿ ಇಡಬೇಕು.

2009ರ ಶಿಕ್ಷಣ ಹಕ್ಕು ಕಾಯಿದೆಯ 21ನೆಯ ಕಲಮಿನಂತೆ ಶಾಲಾ ವ್ಯವಸ್ಥಾಪನ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು. ಪಾಲಕ ಬಂಧುಗಳು ಮುಂದಿನ ಸಭೆಯಲ್ಲಿ ಈ ವಿಷಯವನ್ನು ಎತ್ತಬೇಕೆಂದು ವಿನಂತಿಸುತ್ತೇವೆ. ಅರ್ಜಿಯನ್ನು ಮರಾಠಿಯಲ್ಲಿ ಬರೆದು ಮಕ್ಕಳ ಗ್ರಾಫನ್ನು ಜೊತೆಗೆ ಲಗತ್ತಿಸಿರಿ. ಅದೇ ಕಟ್ಟಡದಲ್ಲಿ ಮರಾಠಿ ಮಾಧ್ಯಮದ ತರಗತಿಗಳಿದ್ದರೆ ಅವುಗಳನ್ನೂ ಅಳೆದು ಸೇರಿಸಿರಿ. ಆ ಮಕ್ಕಳ ಪಾಲಕರೂ ನಮ್ಮೊಡನೆ ಸಹಿ ಹಾಕುವರು.