ಗಿರಿಧಾಮದ ನೌಕರಿ: ಎಂಟು ತಿಂಗಳ ಸಂಬಳ, ಹನ್ನೆರಡು ತಿಂಗಳ ಹೊಟ್ಟೆ

ದೀಪಾವಳಿ ಸಮೀಪಿಸುತ್ತಲೇ ಮುಂಬಯಿ, ಪುಣೆಗಳ ನಮ್ಮವರ ಹೊಟೇಲುಗಳಲ್ಲಿ ಪ್ರತಿ ವರ್ಷವೂ ಒಂದು ಮಾತು ಕೇಳಿಬರುವುದುಂಟು. "ಮಹಾಬಳೇಶ್ವರದಲ್ಲಿ ಸಂಬಳ ಹೆಚ್ಚಂತೆ, ಊಟ-ವಸತಿ ಪುಕ್ಕಟೆಯಂತೆ, ಗಿರಾಕಿಗಳ ಇನಾಮು ಬೇರೆಯಂತೆ." ಈ ಮೂರು 'ಅಂತೆ'ಗಳನ್ನು ನಂಬಿ ಘಟ್ಟವೇರಿದ ತರುಣರಲ್ಲಿ ಕೆಲವರು ನಾಲ್ಕು ಕಾಸು ಕೂಡಿಸಿಕೊಂಡು ಬಂದಿರುವರು, ಮತ್ತೆ ಕೆಲವರು ಜೂನ್ ತಿಂಗಳಲ್ಲಿ ತೊಯ್ದ ಹಾಸಿಗೆಯೊಡನೆ ಬರಿಗೈಯಲ್ಲಿ ಇಳಿದು ಬಂದಿರುವರು. ಇವರಿಬ್ಬರ ನಡುವಣ ಅಂತರವು ಅದೃಷ್ಟದ್ದಲ್ಲ, ಲೆಕ್ಕದ್ದು. ಹಲವು ವರ್ಷ ಗಲ್ಲೆಯ ಮುಂದೆ ಕುಳಿತು ಸಂಬಳ ಎಣಿಸಿ ಕೊಟ್ಟವರಾದುದರಿಂದ ಆ ಲೆಕ್ಕವನ್ನು ವಾಚಕರ ಮುಂದಿಡುವುದು ನಮಗೆ ಉಚಿತವೆನಿಸಿದೆ.

ಮೊದಲು ಊರುಗಳ ಸ್ವಭಾವವನ್ನು ತಿಳಿಯಬೇಕು. ಸಹ್ಯಾದ್ರಿಯ ಗಿರಿಧಾಮಗಳೆಲ್ಲವೂ ಒಂದೇ ಬಗೆಯವಲ್ಲ. ನಮ್ಮ ನಾಡಿಗೆ ನೀರುಣಿಸುವ ಕೃಷ್ಣೆಯು ಹುಟ್ಟುವ ಮಹಾಬಳೇಶ್ವರವು ಸಮುದ್ರಮಟ್ಟದಿಂದ ಸುಮಾರು 1,350 ಮೀಟರು ಎತ್ತರದಲ್ಲಿದೆ. ಅಲ್ಲಿ ವರ್ಷಕ್ಕೆ ಐದು ಸಾವಿರ ಮಿಲಿಮೀಟರಿಗೆ ಮೀರಿ ಮಳೆ ಸುರಿಯುವುದು. ದೀಪಾವಳಿ, ಕ್ರಿಸ್‌ಮಸ್ ಮತ್ತು ಏಪ್ರಿಲ್-ಮೇ ತಿಂಗಳುಗಳು ಅಲ್ಲಿಯ ಸುಗ್ಗಿ. ಜೂನ್ ನಡುವಿನಲ್ಲಿ ಮಳೆ ಹಿಡಿಯಿತೆಂದರೆ ಅನೇಕ ಹೊಟೇಲುಗಳು ಬಾಗಿಲೆಳೆಯುವುವು, ಇಲ್ಲವೇ ಆಳುಗಳನ್ನು ಕಡಮೆ ಮಾಡುವುವು. ಮಾಥೇರಾನದ ಗತಿಯೂ ಹೆಚ್ಚುಕಡಮೆ ಇದೇ. 1907ರಲ್ಲಿ ಆರಂಭವಾದ ನೇರಳ-ಮಾಥೇರಾನ ಪುಟ್ಟ ರೈಲು ಮಳೆಗಾಲದಲ್ಲಿ ನೇರಳದಿಂದ ಘಟ್ಟ ಹತ್ತುವುದಿಲ್ಲ. ಮೋಟಾರು ವಾಹನಗಳಿಗೆ ಊರೊಳಗೆ ಪ್ರವೇಶವಿಲ್ಲದ್ದರಿಂದ ದಸ್ತೂರಿ ನಾಕಾದಿಂದಾಚೆಗೆ ದಿನಸಿಯು ಕುದುರೆಯ ಬೆನ್ನ ಮೇಲೋ ಮನುಷ್ಯನ ತಲೆಯ ಮೇಲೋ ಸಾಗಬೇಕು. ಮಾಣಿಯ ಕೆಲಸಕ್ಕೆಂದು ಹೋದವನು ಮೂಟೆ ಹೊರುವುದೂ ತನ್ನ ಪಾಲಿಗಿದೆಯೇ ಎಂಬುದನ್ನು ಮೊದಲೇ ಕೇಳಿಕೊಳ್ಳತಕ್ಕದ್ದು.

ಲೋಣಾವಳ-ಖಂಡಾಳಗಳ ರೀತಿಯೇ ಬೇರೆ. ಮುಂಬಯಿ-ಪುಣೆ ರೈಲುದಾರಿಯ ಮೇಲಿರುವ ಈ ಊರುಗಳಿಗೆ ಮಳೆಯೇ ಸುಗ್ಗಿ. ಜಲಪಾತ ನೋಡಬಂದವರಿಂದ ಶನಿವಾರ-ಭಾನುವಾರ ಕಾಲಿಡಲು ಸ್ಥಳವಿರದು. ಇನ್ನು ಪಂಚಗಣಿಯು ಬ್ರಿಟಿಷರ ಕಾಲದಿಂದಲೂ ವಸತಿಶಾಲೆಗಳಿಗೆ ಹೆಸರಾದ ಊರು. ಶಾಲೆಯ ಅಡಿಗೆಮನೆಗೂ ಕಚೇರಿಗೂ ಮಳೆಯಲ್ಲಿಯೂ ಜನ ಬೇಕೇ ಬೇಕು. ಅಲ್ಲಿ ಇನಾಮಿಲ್ಲ, ಆದರೆ ಮಳೆಗೆ ಹೆದರಬೇಕಾಗಿಯೂ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. ಅಂಕಿಗಳು ಉದಾಹರಣೆಗಾಗಿ ಮಾತ್ರ. ಪ್ರತಿಯೊಬ್ಬನೂ ತನ್ನ ಅಂಕಿಗಳನ್ನು ಹಾಕಿಕೊಳ್ಳಲಿ. ಮುಂಬಯಿಯಲ್ಲಿ ಊಟ-ವಸತಿಯೊಡನೆ ತಿಂಗಳಿಗೆ 14,000 ರೂಪಾಯಿ ಪಡೆಯುವ ಮಾಣಿಗೆ ವರ್ಷಕ್ಕೆ 1,68,000 ರೂಪಾಯಿ ಆಗುವುದು. ಗಿರಿಧಾಮದಲ್ಲಿ 18,000 ರೂಪಾಯಿಯಂತೆ ಎಂಟು ತಿಂಗಳು ದುಡಿದರೆ ಬರುವುದು 1,44,000 ಮಾತ್ರ. ಸಂಬಳ ಹೆಚ್ಚಿತು, ಗಳಿಕೆ 24,000 ಇಳಿಯಿತು! ಅದರ ಮೇಲೆ ನಾಲ್ಕು ತಿಂಗಳ ಊಟದ ಖರ್ಚು ಬೇರೆ. ಆದುದರಿಂದ ನಗರದ ವರ್ಷದ ಗಳಿಕೆಯನ್ನು ಗಿರಿಧಾಮದ ದುಡಿಮೆಯ ತಿಂಗಳುಗಳಿಂದ ಭಾಗಿಸಬೇಕು. ಇಲ್ಲಿ ಆ ಮೊತ್ತ 21,000. ಅದಕ್ಕಿಂತ ಕಡಮೆಗೆ ಹೋಗುವುದು ನಷ್ಟದ ವ್ಯಾಪಾರ. ಮಳೆಗಾಲದ ನಾಲ್ಕು ತಿಂಗಳು ಊಟದೊಡನೆ ಅರ್ಧ ಸಂಬಳವನ್ನಾದರೂ ಯಜಮಾನರು ಒಪ್ಪಿದರೆ ಮೊತ್ತವು 1,80,000ಕ್ಕೆ ಏರುವುದು; ಆಗ ಹೋಗಬಹುದು. ಇಲ್ಲವೇ ಎಂಟು ತಿಂಗಳು ಮೇಲೆ ದುಡಿದು, ಮಳೆ ಹಿಡಿದೊಡನೆ ಲೋಣಾವಳಕ್ಕೆ ಇಳಿಯುವ ಏರ್ಪಾಡನ್ನು ಮೇ ತಿಂಗಳಲ್ಲಿಯೇ ಮಾಡಿಕೊಳ್ಳಬೇಕು. ಇನಾಮನ್ನು ಲೆಕ್ಕದಲ್ಲಿ ಸೇರಿಸಲೇಬಾರದು. ಬಂದರೆ ಅದು ಊರಿಗೆ ಕಳುಹಿಸುವ ಹಣ.

ಗುಮಾಸ್ತರ ಲೆಕ್ಕ ಬೇರೆ. ನಗರದಲ್ಲಿ ಅವರಿಗೆ ಊಟ-ವಸತಿ ಪುಕ್ಕಟೆಯಲ್ಲ. 20,000 ಸಂಬಳದಲ್ಲಿ ಬಾಡಿಗೆ, ಊಟ, ರೈಲಿನ ಪಾಸಿಗೆ 8,000 ಕಳೆದರೆ ಉಳಿಯುವುದು 12,000. ಅದೇ ಗುಮಾಸ್ತರಿಗೆ ಹನ್ನೆರಡು ತಿಂಗಳೂ ತೆರೆದಿರುವ ಗಿರಿಧಾಮದ ಹೊಟೇಲಿನಲ್ಲಿ 16,000 ಸಂಬಳವೂ ಊಟ-ಖೋಲಿಯೂ ದೊರೆತರೆ, ಕಡಮೆ ಸಂಬಳವೇ ಹೆಚ್ಚಿನ ಉಳಿತಾಯವಾಗುವುದು. ಜಿಎಸ್‌ಟಿ ಲೆಕ್ಕ ಬಲ್ಲವರು, ಗಣಕಯಂತ್ರದಲ್ಲಿ ಕೊಠಡಿಗಳ ಬುಕಿಂಗ್ ನೋಡಿಕೊಳ್ಳಬಲ್ಲವರು, ಮರಾಠಿ-ಹಿಂದಿಗಳಲ್ಲಿ ಫೋನಿಗೆ ಉತ್ತರಿಸಬಲ್ಲವರು ಅಂತಹ ಕೆಲಸವನ್ನು ಧೈರ್ಯವಾಗಿ ಕೇಳಬಹುದು. ಅಡಿಗೆಯವರಿಗೂ ಒಂದು ಮಾತು: ಈ ಊರುಗಳಿಗೆ ಗುಜರಾತಿ ಗಿರಾಕಿಗಳು ಬಹಳ. ಇಡ್ಲಿ-ದೋಸೆಯ ಜೊತೆಗೆ ಈರುಳ್ಳಿ-ಬೆಳ್ಳುಳ್ಳಿ-ಗೆಡ್ಡೆಗಳಿಲ್ಲದ ಜೈನ ಅಡಿಗೆಯನ್ನೂ ಕಲಿತವನ ಬೆಲೆ ಹೆಚ್ಚು. ಈ ವಿದ್ಯೆಯನ್ನು ನಗರದಲ್ಲಿರುವಾಗಲೇ ಸಂಪಾದಿಸಿಕೊಂಡು ಹೋಗುವುದು ಜಾಣತನ.

ಮಾತುಕತೆಯ ಹೊತ್ತಿಗೆ ಸಂಕೋಚ ಸಲ್ಲದು. "ಯಜಮಾನರೇ, ಜೂನ್ ಹದಿನೈದರ ಮೇಲೆ ನನ್ನ ಗತಿಯೇನು?" ಎಂದು ನೇರವಾಗಿ ಕೇಳಬೇಕು. ವಸತಿಗೆ ಸಂಬಳದಿಂದ ಕಡಿತವುಂಟೇ? ವಾರದ ರಜೆ ಸುಗ್ಗಿಯಲ್ಲಿಯೂ ಸಿಗುವುದೇ? ಮಲಗುವ ಸ್ಥಳಕ್ಕೆ ಬಾಗಿಲು, ಕಂಬಳಿ ಇವೆಯೇ? ಇವನ್ನು ಕೇಳುವುದು ಉದ್ಧಟತನವಲ್ಲ. 21 ನವೆಂಬರ್ 2025ರಿಂದ ದೇಶದಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳ ಪ್ರಕಾರ ನೇಮಕಪತ್ರವನ್ನು ಕೊಡುವುದು ಯಜಮಾನರ ಹೊಣೆ. ತಿಂಗಳ ಸಂಬಳವು ಮುಂದಿನ ತಿಂಗಳ ಏಳನೆಯ ತಾರೀಖಿನೊಳಗೆ ಸಲ್ಲಬೇಕು. ಹೆಚ್ಚಿನ ವೇಳೆಯ ದುಡಿಮೆಗೆ ಇಮ್ಮಡಿ ದರ. ಕೆಲಸ ಬಿಟ್ಟರೂ ಬಿಡಿಸಿದರೂ ಎರಡು ಕೆಲಸದ ದಿನಗಳಲ್ಲಿ ಬಾಕಿ ಚುಕ್ತಾ ಆಗಬೇಕು. "ಸೀಸನ್ ಮುಗಿದ ಮೇಲೆ ಒಟ್ಟಿಗೆ ಕೊಡುತ್ತೇನೆ" ಎಂಬ ಮಾತಿಗೆ ಯಾರೂ ತಲೆದೂಗಬಾರದು. ತಿಂಗಳು ತಿಂಗಳು ಸಂಬಳವು ಬ್ಯಾಂಕಿನ ಖಾತೆಗೆ ಬೀಳುತ್ತಿದ್ದರೆ ಮುಂದೆ ತಕರಾರು ಬಂದಾಗ ಅದೇ ಸಾಕ್ಷಿ. ಭವಿಷ್ಯನಿಧಿಯ ಹಳೆಯ ಖಾತೆಯ ಸಂಖ್ಯೆಯನ್ನೇ ಹೊಸ ಯಜಮಾನರಿಗೆ ಕೊಟ್ಟರೆ ಕೂಡಿಟ್ಟ ಹಣ ಚದುರುವುದಿಲ್ಲ.

ಕುಟುಂಬಸಮೇತ ಹೋಗುವವರು ಊರಿನ ಪಡಿತರ ಚೀಟಿಯನ್ನು ಮರೆಯದಿರಲಿ. ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಗೆ ಒಳಪಟ್ಟ ಚೀಟಿಯಾದರೆ, ಆಧಾರ್ ಜೋಡಣೆಯಾಗಿದ್ದಲ್ಲಿ, ಕರ್ನಾಟಕದ ಚೀಟಿಗೆ ಮಹಾರಾಷ್ಟ್ರದ ನ್ಯಾಯಬೆಲೆ ಅಂಗಡಿಯಲ್ಲಿಯೂ ಧಾನ್ಯ ದೊರೆಯುವುದು. ಆದರೆ ಮೊದಲನೆಯ ವರ್ಷ ದುಡಿಯುವವನು ಒಬ್ಬನೇ ಹೋಗಿ ಒಂದು ಮಳೆಗಾಲವನ್ನು ಕಂಡು, ಆಮೇಲೆ ಹೆಂಡತಿ-ಮಕ್ಕಳನ್ನು ಕರೆಸಿಕೊಳ್ಳುವುದು ಲೇಸು. ನಡುವರ್ಷದಲ್ಲಿ ಶಾಲೆ ಬಿಡಿಸಿದ ಮಗುವಿನ ನಷ್ಟವನ್ನು ಯಾವ ಸಂಬಳವೂ ತುಂಬಿಕೊಡಲಾರದು.

ಗಿರಿಧಾಮಕ್ಕೆ ಹೋಗಲೇಬೇಡಿರೆಂದು ನಾವು ಹೇಳುವುದಿಲ್ಲ. ಕರಾವಳಿಯಿಂದ, ಮಲೆನಾಡಿನಿಂದ ಹೊರಟು ಪರವೂರಲ್ಲಿ ಒಲೆ ಹೂಡಿದ ಜನ ನಾವು. ಘಟ್ಟವೇರುವುದು ನಮಗೆ ಹೊಸದಲ್ಲ. ಏರುವ ಮುನ್ನ ಒಂದು ಹಾಳೆಯ ಮೇಲೆ ಹನ್ನೆರಡು ತಿಂಗಳ ಹೆಸರನ್ನು ಬರೆದು, ಪ್ರತಿಯೊಂದರ ಮುಂದೆಯೂ ಬರುವ ಹಣವೆಷ್ಟೆಂದು ಗುರುತಿಸಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ಸಾಲುಗಳು ಖಾಲಿ ಉಳಿದರೆ, ಅವು ತುಂಬುವವರೆಗೆ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿರಿ.